ಅಣ್ಣ ತೋರಿಸದ ಬೀದಿ

ಕೊಯಮತ್ತೂರಿಗೆ ಯಾರೇ ನೆಂಟರು ಬಂದರೂ ಊರು ತೋರಿಸುವ ಕೆಲಸ ನನ್ನ ಅಣ್ಣನದು. ಮಗ್ಗ ನಿಲ್ಲಿಸಿ ನಡೆಸಿಕೊಂಡೇ ಹೋಗುತ್ತಿದ್ದ. ಮೊದಲು ನಮ್ಮ ನೇಕಾರರ ಬೀದಿ. ಅಲ್ಲಿ ಮಗ್ಗಕ್ಕೇರಿಸುವ ಹಾಸುನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿರುತ್ತಿದ್ದರು. ಅದು ತಾಗದಂತೆ ಬಂದವರ ತಲೆಯ ಮೇಲೆ ಅಂಗೈಯಿಟ್ಟು ಬಗ್ಗಿಸಿ ದಾಟಿಸುತ್ತಿದ್ದ. ಆಮೇಲೆ ಮೇಲ್ಸೇತುವೆ, ಲಿಫ್ಟ್ ಇರುವ ಹೊಸ ಕಟ್ಟಡ. ಕಾಲು ಸೋತವರಿಗೆ, "ಇದೋ, ಬಂದೇ ಬುಡ್ತು," ಎನ್ನುತ್ತಿದ್ದ.

ತಿರುಪ್ಪೂರಿನ ಬನಿಯನ್ ಕಂಪನಿಗೆ ಸೇರಿದ ಮೇಲೆ ನಾನೊಮ್ಮೆ ಗೆಳೆಯರನ್ನು ಕರೆತಂದೆ. "ನಮ್ಮ ಬೀದಿ ಬೇಡಣ್ಣಾ, ಹೊಸದಷ್ಟೇ ತೋರ್ಸು," ಎಂದು ಮೊದಲೇ ಹೇಳಿದ್ದೆ.

ಅಂದು ಬಿಸಿಲಲ್ಲಿ ಅವನು ಮೇಲ್ಸೇತುವೆ, ಹೊಸ ಕಟ್ಟಡ ಅಷ್ಟೇ ತೋರಿಸಿದ. ಲಿಫ್ಟಿನಿಂದ ಇಳಿದ ಗೆಳೆಯನೊಬ್ಬ ನಕ್ಕ: "ಏನಣ್ಣಾ, ಊರೆಲ್ಲಾ ತೋರಿಸಿ ಮನೆ ಮಾತ್ರ ಬಚ್ಚಿಟ್ಟಿದ್ದೀರಲ್ಲ!"

ನಮ್ಮ ಮನೆ ಎರಡು ಬೀದಿ ಆಚೆಗಿತ್ತು. ಅಣ್ಣ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ.

"ತುಂಬ ದೂರ ತಂಬಿ," ಎಂದು ಅವರಿಗೆ ಸೋಡಾ ಕೊಡಿಸಿದ.

ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದ. "ನೀ ಬೇಡಾಂದದ್ದನ್ನ ನಿಮ್ಮತ್ತಿಗೇಗೆ ನಾ ಹೇಳಲಿಲ್ಲ ಡಾ. ಒಬ್ಬಟ್ಟು ಮಾಡಿ ಕಾಯ್ತವಳೆ. ಏನ್ ಹೇಳಲಿ?"

"ಬಸ್ಸು ಬೇಗ ಹೊರಟುಬಿಡ್ತು ಅನ್ನು," ಎಂದು ಹತ್ತಿ ಕೂತೆ.

ಬಸ್ಸು ಬಹಳ ಹೊತ್ತು ಹೊರಡಲೇ ಇಲ್ಲ. ಅಣ್ಣ ಕಿಟಕಿಯ ಕೆಳಗೇ ನಿಂತಿದ್ದ. ಮನೆಗೆ ಹೋಗಲು ಅವನಿಗೆ ಕಾಲೇ ಏಳಲಿಲ್ಲ.