ಅಕ್ಕೋರ ಮೇಜಿನ ಕಲ್ಲು

ಶರಣಮ್ಮ ಅಕ್ಕೋರು ಕ್ಲಾಸಿಗೆ ಬಂದರೆ ಪುಸ್ತಕಕ್ಕಿಂತ ಮೊದಲು ಮೇಜಿನ ಮೇಲೆ ಕೂರುತ್ತಿದ್ದುದು ಒಂದು ಕರಿಕಲ್ಲು. ಅವರ ಅಪ್ಪ ಹಟ್ಟಿಯ ಬಂಗಾರದ ಗಣಿಯಿಂದ ತಂದುಕೊಟ್ಟದ್ದು. ಎಂಬತ್ತರ ದಶಕದಲ್ಲಿ ಮಸ್ಕಿಯ ಹೈಸ್ಕೂಲಿನಲ್ಲಿ ಅವರು ನಮಗೆ ವಿಜ್ಞಾನ ಹೇಳುತ್ತಿದ್ದರು. ಪಾಠ ಕಪ್ಪೆಯದಿರಲಿ, ಉಪ್ಪಿನದಿರಲಿ, ಕೊನೆಗೆ ಚುಕ್ಕಿಗಳಿಗೇ ಬಂದು ನಿಲ್ಲುವುದು. ಆಕಾಶದಲ್ಲಿ ಅನಿಲದ ದೊಡ್ಡ ಮೋಡಗಳಿವೆ, ತಮ್ಮ ಭಾರಕ್ಕೆ ತಾವೇ ಕುಸಿದಲ್ಲಿ ಚುಕ್ಕಿ ಹುಟ್ಟುತ್ತದೆ, ಆದರೆ ಅಷ್ಟೆಲ್ಲ ಮೋಡದಲ್ಲಿ ಚುಕ್ಕಿಯಾಗುವುದು ಎಲ್ಲೋ ಸ್ವಲ್ಪ ಎನ್ನುತ್ತ ಕಲ್ಲು ಎತ್ತಿ ಹಿಡಿಯುವರು.

“ಲಾರಿಗಟ್ಲೆ ಇಂಥಾ ಕಲ್ಲು ಅರದ್ರ ಚಿಟಿಕಿ ಬಂಗಾರ. ಅದೂ ಹಂಗ.”

ಪರೀಕ್ಷೆಯಲ್ಲಿ ಚುಕ್ಕಿ ಹೇಗೆ ಹುಟ್ಟುತ್ತದೆಂದು ಕೇಳಿದರೆ, ಮೋಡವನ್ನು ಹಟ್ಟಿಗೆ ಒಯ್ದು ಅರೆಯುತ್ತಾರೆ ಎಂದು ಅರ್ಧ ಕ್ಲಾಸು ಬರೆದಿಟ್ಟಿತ್ತು, ನಾನೂ ಸೇರಿ. ಅಕ್ಕೋರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ಮತ್ತೆ ನೋಡಲಿಲ್ಲ. ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದ್ದರೂ ಹಾಸಿಗೆ ಹಿಡಿದ ಅಪ್ಪನನ್ನು ಬಿಟ್ಟು ಹೋಗಲಾರದೆ ಉಳಿದವರು. ಅಪ್ಪ ತೀರಿದ ಮೇಲೆ ಲಿಂಗಸೂಗೂರಿನ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದು, ಬಸ್ಸಿನಲ್ಲಿ ಓಡಾಡುತ್ತಿದ್ದರು.

ಮೆಟ್ರಿಕ್‌ನಲ್ಲಿ ನಮ್ಮ ಕ್ಲಾಸಿನಿಂದ ಪಾಸಾದವರು ಬೆರಳೆಣಿಕೆಯಷ್ಟು. ನಾನು ಫೇಲು. ಮತ್ತೆ ಪರೀಕ್ಷೆಗೆ ಕಟ್ಟುವುದಿಲ್ಲವೆಂದು ಮೂಲೆ ಹಿಡಿದೆ. ಮನೆಯವರು ಗಂಡು ಹುಡುಕಲು ಶುರುಮಾಡಿದ್ದರು. ಅಕ್ಕೋರು ಹುಡುಕಿಕೊಂಡು ಬಂದಾಗ ಮುಖ ತಿರುವಿ ಅಂದೆ:

“ನಾ ಬರೇ ಕಲ್ಲು ಅದೀನ್ರಿ. ನೀವೇ ಹೇಳಿದ್ರಲ್ಲ.”

ಅಕ್ಕೋರ ಮುಖ ಸಪ್ಪಗಾಯಿತು. ನೀರು ಕೊಟ್ಟರೂ ಕುಡಿಯಲಿಲ್ಲ.

“ತಪ್ಪು ನಂದವ್ವ. ಕಲ್ಲಿನ್ಯಾಗ ಬಂಗಾರ ಬ್ಯಾರೆ, ಕಲ್ಲು ಬ್ಯಾರೆ. ಮೋಡ ಹಂಗಲ್ಲ. ಚುಕ್ಕಿ ಆಗಿದ್ದೂ ಅದೇ ಮೋಡ, ಆಗದ ಉಳಿದಿದ್ದೂ ಅದೇ ಮೋಡ. ಮೊದಲು ಹುಟ್ಟಿದ ಚುಕ್ಕಿಗಳ ಬೆಳಕು, ಗಾಳಿ ಉಳಿದದ್ದನ್ನ ಚೆದುರಿಸಿಬಿಡ್ತದ. ಮುಂದ ಅದು ಮತ್ತೆಲ್ಯರ ಕೂಡ್ತದ, ಅಲ್ಲಿ ಚುಕ್ಕಿ ಆಗಬಹುದು. ನೀ ಪರೀಕ್ಷಾ ಕಟ್ಟು.”

ಕಟ್ಟಿದೆ, ಪಾಸಾದೆ. ಆ ಕಲ್ಲನ್ನು ಅವರು ಮತ್ತೆ ಕ್ಲಾಸಿಗೆ ತರಲಿಲ್ಲವಂತೆ.

ತೊಂಬತ್ತರ ದಶಕದಲ್ಲಿ, ನಾನು ಸಿಂಧನೂರಿನಲ್ಲಿ ಟೀಚರಾಗಿದ್ದಾಗ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದು ಕೇಳಬಾರದಿತ್ತೇನೋ, ಕೇಳಿಬಿಟ್ಟೆ.

“ನಾ ಇನ್ನಾ ಚೆದುರಿದ ಮೋಡನ ಅದೀನವ್ವ,” ಎಂದರು.

ನನಗೆ ದುಃಖ ಒತ್ತಿ ಬಂತು. ಕೈ ಹಿಡಿದು, ನಮ್ಮ ಮನೆಗೆ ಬಂದು ಇರಿ ಎಂದೆ. ದಸರೆ ರಜೆಗೆ ಬರುವುದಾಗಿ ಒಪ್ಪಿ ಲಿಂಗಸೂಗೂರಿನ ಬಸ್ಸು ಹತ್ತಿದರು. ನಾನು ಒಂದು ಕೋಣೆ ಖಾಲಿ ಮಾಡಿ, ಹೊಸ ಚಾದರ ಹಾಸಿಟ್ಟೆ.

ರಜೆಗೆ ಮೊದಲೇ ಅವರು ತೀರಿಹೋದ ಸುದ್ದಿ ಬಂತು. ಆ ಚಾದರ ತೆಗೆಯಲು ನನಗೆ ಬಹಳ ದಿನ ಕೈ ಬರಲಿಲ್ಲ.