ಬೈಂದೂರಿನಲ್ಲಿದ್ದವಳು ಬ್ರಹ್ಮಾವರದಲ್ಲಿ ಹಾಜರ್

ಕಳೆದ ವರ್ಷ ಶಾಲೆಗಳು ಶುರುವಾದ ಜೂನ್ ತಿಂಗಳು. ನಾನು ಮಕ್ಕಳ ರಕ್ಷಣಾ ಘಟಕದಲ್ಲಿ ಮನೆ, ಶಾಲೆ ಸುತ್ತುವ ಔಟ್‌ರೀಚ್ ವರ್ಕರ್. ಈಗಲೂ ಅದೇ. ಕೆಲಸ ಗುತ್ತಿಗೆಯದು, ಗತ್ತು ಮಾತ್ರ ಖಾಯಂ. ಬ್ರಹ್ಮಾವರ, ಕುಂದಾಪುರ, ಬೈಂದೂರು ಮೂರೂ ತಾಲೂಕು ನನ್ನ ಪಾಲಿಗೆ. ಜೊತೆಗೊಂದು ಹಳೇ ಬೈಕು, ಕಂಡವರ ಧ್ವನಿಯನ್ನೆಲ್ಲ ಅನುಕರಿಸುವ ಕೆಟ್ಟ ಚಾಳಿ. ನಮ್ಮ ಅಧಿಕಾರಿ ಮೇಡಂ "ಫಾಲೋಅಪ್ ಮಾಡಿದ್ರಾ?" ಎಂದು ಕೇಳುವುದನ್ನು ನಾನು ಅವರಿಗಿಂತ ಚೆನ್ನಾಗಿ ಕೇಳುತ್ತೇನೆ. ಒಮ್ಮೆ ಬೆನ್ನ ಹಿಂದೆ ನಿಂತು ಕೇಳಿಸಿಕೊಂಡ ಅವರು, "ನಾನು ಅಷ್ಟೊಂದು ಮೂಗಿನಲ್ಲಿ ಮಾತಾಡಲ್ಲ" ಎಂದರು, ಮೂಗಿನಲ್ಲೇ.

ಫಾಸ್ಟರ್ ಕೇರ್ ಎಂದರೆ ದತ್ತು ಅಲ್ಲ. ನೋಡಿಕೊಳ್ಳುವವರಿಲ್ಲದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಬೇರೊಂದು ಕುಟುಂಬ ಕೆಲವು ಕಾಲ ಸಾಕುವುದು. ಸಿಂಚನಾ ಅಂಥ ಮಗು, ಹತ್ತು ವರ್ಷದವಳು. ಬ್ರಹ್ಮಾವರದ ಒಳಗಿನ ಹಳ್ಳಿಯೊಂದರಲ್ಲಿ ಅಜ್ಜಿಯ ಜೊತೆ ಇದ್ದಳು. ಅಮ್ಮ, ಅವಳ ಮಾತಿನಲ್ಲಿ 'ಅಬ್ಬಿ', ಕೆಲಸಕ್ಕೆಂದು ಮುಂಬೈಗೆ ಹೋದವರು, ಆಮೇಲೆ ಫೋನಿಗೂ ಸಿಕ್ಕಿರಲಿಲ್ಲ. ಬೇಸಿಗೆ ರಜೆಯಲ್ಲಿ ಅಜ್ಜಿಯೂ ತೀರಿಕೊಂಡರು. ಅಮ್ಮನನ್ನು ಹುಡುಕುವ ಕೆಲಸ ಪೊಲೀಸರ ಕೈಗೆ ಹೋಯಿತು. ಮಗು ಬೈಂದೂರಿನಲ್ಲಿ ಮೀನು ಮಾರುವ ಪದ್ಮಕ್ಕನ ಮನೆಗೆ ಬಂತು. ಅವಳನ್ನು ಅಲ್ಲಿನ ಶಾಲೆಗೆ ಐದನೇ ತರಗತಿಗೆ ಸೇರಿಸುವುದು ನನ್ನ ಕೆಲಸ. ಒಂದು ಬೆಳಗಿನ ಕೆಲಸ ಎಂದುಕೊಂಡಿದ್ದೆ.

"ನಾವ್ ಬ್ಯಾಡ ಅಂದದ್ದಲ್ಲ ಮಾರಾಯ್ರೆ. ಟಿಸಿ ತನ್ನಿ, ಸೇರ್ಸ್ಕಂತೆ" ಎಂದರು ಹೆಡ್‌ಮಾಸ್ಟರು.

ಟಿಸಿ ಇಲ್ಲವೆಂದು ಮಗುವನ್ನು ಕಾಯಿಸುವ ಹಾಗಿಲ್ಲ, ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ ಎಂದು ನಾನು ಮೇಡಂ ಧಾಟಿಯಲ್ಲೇ ಭಾಷಣ ಬಿಗಿದೆ. ಅವರೇನೂ ಕೆಟ್ಟವರಲ್ಲ. ತಮ್ಮ ಕಂಪ್ಯೂಟರನ್ನು ತೋರಿಸಿದರು. ನಮ್ಮ ರಾಜ್ಯದಲ್ಲಿ ಪ್ರತಿ ವಿದ್ಯಾರ್ಥಿಗೂ ಆನ್‌ಲೈನ್‌ನಲ್ಲಿ ಒಂದು ಸಂಖ್ಯೆ ಇರುತ್ತದೆ. ಹಳೆಯ ಶಾಲೆ ಬಿಟ್ಟುಕೊಡದೆ ಹೊಸ ಶಾಲೆ ಆ ಸಂಖ್ಯೆಯನ್ನು ಎತ್ತಿಕೊಳ್ಳಲಾಗದು. ಹಳೆಯ ಶಾಲೆ ಬಿಟ್ಟುಕೊಟ್ಟಿರಲಿಲ್ಲ. ಮೂರು ಸಲ ಹೋದೆ, ಮೂರು ಸಲವೂ ಅದೇ ಉತ್ತರ.

"ಹ್ವಾಯ್, ನಿಮ್ಮ ಕಾನೂನ್ ಭಾರೀ ಚಂದ ಇತ್ತ್. ನಮ್ಮ ಹೆಣ್ ಮಾತ್ರ ಜಗ್ಲಿ ಮೇಲೇ ಇತ್ತ್" ಎಂದರು ಪದ್ಮಕ್ಕ. "ಕೇರಿ ಮಕ್ಳೆಲ್ಲ ಚೀಲ ಹೊತ್ಕಂಡ್ ಹೋಪತಿಗೆ ಇದ್ ಒಳ್ಗ್ ಹೋಯಿ ಬಾಗ್ಲ್ ಹಾಕ್ಕಂತ್. ಹೀಂಗೇ ಆರೆ ಶಾಲಿ ಆಸೆಯೇ ಬಿಡ್ತ್ ಕಾಣಿ."

ಮೂರನೆಯ ಸಲ ಹೆಡ್‌ಮಾಸ್ಟರು ಬೇಸತ್ತು, ನನ್ನೆದುರಿಗೇ ಹಳೆಯ ಶಾಲೆಯ ಟೀಚರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಸಿಂಚನಾ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು.

"ಸಿಂಚನಾ ಅಲ್ದಾ?" ಎಂದಿತು ಆ ಕಡೆಯ ಧ್ವನಿ. "ಬತ್ತಾ ಇತ್ತಲೆ! ನಿನ್ನೆಯೂ ಬಂದಿತ್ತ್."

ಹೆಡ್‌ಮಾಸ್ಟರು ಫೋನನ್ನು ಮೇಜಿನ ಮೇಲಿಟ್ಟು ಹುಡುಗಿಯನ್ನು ನೋಡಿದರು, ನನ್ನನ್ನು ನೋಡಿದರು. "ಹಂಗಾರೆ ಇದ್ ಯಾರ್?"

ನನಗೆ ಬಾಯಿ ಕಟ್ಟಿಹೋಯಿತು. ಹಾಗಾಗುವುದು ಅಪರೂಪ, ಮೇಡಂ ಕೇಳಿದ್ದರೆ ಸಿಹಿ ಹಂಚುತ್ತಿದ್ದರು. ಸಿಂಚನಾ ಮಾತ್ರ ನೆಲ ನೋಡುತ್ತ ಕೂತಿದ್ದಳು.

ಮರುದಿನ ಬೆಳಿಗ್ಗೆ ಹಳೆಯ ಶಾಲೆಗೆ ಹೋದೆ. ಒಬ್ಬರೇ ಟೀಚರು, ಒಂದೇ ಕೋಣೆಯಲ್ಲಿ ಎಲ್ಲ ತರಗತಿ. ಹಾಜರಿ ಕರೆಯುತ್ತಿದ್ದರು. ಮುಗಿಯಲಿ ಎಂದು ಕಿಟಕಿಯ ಹೊರಗೆ ನಿಂತೆ.

"ಸಿಂಚನಾ."

"ಬಂದಿದ್ದೇನೆ ಟೀಚರ್."

ಅದು ಅವಳದೇ ಧ್ವನಿ. ಕೊನೆಯ ಅಕ್ಷರವನ್ನು ನುಂಗುವ ಅದೇ ರೀತಿ. ಬೈಕಿನಲ್ಲಿ ಕರೆದೊಯ್ಯುವಾಗ ಅವಳನ್ನು ನಗಿಸಲೆಂದು ನಾನೇ ಎಷ್ಟೋ ಸಲ ಅಣಕಿಸಿ ಸೋತ ಧ್ವನಿ. ಕಿಟಕಿಯಲ್ಲಿ ಇಣುಕಿದೆ. ಧ್ವನಿ ಬಂದ ಕಡೆ ಎರಡು ಜಡೆಯ ಬೇರೊಬ್ಬ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಎರಡು ಹೆಸರು ಕಳೆದು "ಅಶ್ವಿನಿ" ಎಂದಾಗ ಅವಳೇ ತನ್ನ ದಪ್ಪ ಸ್ವರದಲ್ಲಿ ಮತ್ತೊಮ್ಮೆ "ಬಂದಿದ್ದೇನೆ" ಎಂದಳು.

ನಾನು ಯಾರ ಧ್ವನಿ ತೆಗೆದರೂ ಮಕ್ಕಳು ಬಿದ್ದುಬಿದ್ದು ನಗುತ್ತಾರೆ. ಆ ಕೋಣೆಯಲ್ಲಿ ಒಬ್ಬರೂ ನಗಲಿಲ್ಲ. ನನ್ನನ್ನು ಹೆದರಿಸಿದ್ದು ಅದು.

ಟೀಚರನ್ನು ಹೊರಗೆ ಕರೆದೆ. ಆದೇಶದ ಪ್ರತಿ ನೋಡಿದ್ದೇ ಅವರು ಏನನ್ನೂ ಮುಚ್ಚಿಡದೆ ಹೇಳಿದರು. "ಹೊಸ ವರ್ಷದ ಮೊದಲ್ನೇ ದಿನ ಅಭ್ಯಾಸದಲ್ಲಿ ಹೆಸ್ರ್ ಕರ್ದೆ ಸರ್. ಉತ್ರ ಬಂತ್, ಗುರ್ತ್ ಹಾಕ್ದೆ. ಆಮೇಲೆ ತಲೆ ಎತ್ತಿ ಕಂಡ್ರೆ ಹೆಣ್ ಇಲ್ಲೆ." ಕೋಣೆಯ ಕಡೆ ಕೈ ತೋರಿಸಿ ಹೇಳಿದರು, "ಇಪ್ಪುದೇ ನಾಕ್ ಮಕ್ಳ್. ಒಂದ್ ಹೆಸ್ರ್ ಕಮ್ಮಿ ಆರೆ ಮುಂದಿನ ವರ್ಷ ಶಾಲಿ ಇತ್ತೋ ಇಲ್ಯೋ. ಮಕ್ಳೇ ನನ್ನ ಉಳ್ಸುಕೆ ಹೀಂಗ್ ಮಾಡ್ತಿದ್ರ್ ಅಂತ ಸುಮ್ನಾದೆ."

ಒಗಟು ಬಿಡಿಸಿದೆ ಎಂದು ಬೀಗಿದೆ. ಬೈಯಲು ಮೇಡಂ ಧ್ವನಿಯನ್ನು ಗಂಟಲಲ್ಲಿ ಸಿದ್ಧ ಮಾಡಿಕೊಂಡೂ ಆಯಿತು. ಯಾವುದಕ್ಕೂ ಇರಲಿ ಎಂದು ಅಶ್ವಿನಿಯನ್ನು ಕೇಳಿದೆ, "ಟೀಚರಿಗೋಸ್ಕರ ಹೀಗೆ ಮಾಡ್ತಿದ್ದೀಯಾ?"

"ಅಲ್ಲ ಸರ್. ಅವ್ಳೇ ಹೇಳಿ ಹೋಯ್ದ್ಲ್."

"ಯಾರು?"

"ಸಿಂಚನಾ. ಅವ್ಳ ಅಬ್ಬಿಗೆ ಮುಂಬೈಯಿಂದ ಬಂದ್ರೆ ಈ ಶಾಲಿ ಮಾತ್ರ ಗೊತ್ತಿಪ್ದ್. ಅಜ್ಜಿ ಮನಿಗೆ ಬೀಗ. ಇಲ್ಲಿಗ್ ಬಂದ್ ಕೇಂಬತಿಗೆ ಆ ಹೆಸ್ರಿನವ್ರ್ ಯಾರೂ ಇಲ್ಲೆ ಅಂದ್ರೆ, ಅಬ್ಬಿ ತಿರ್ಗಿ ಹೋತ್ರಲ್ದಾ? ಅದ್ಕೆ, ಹೆಸ್ರ್ ಹೋಪುಕೆ ಬಿಡ್ಬೇಡ ಅಂದಿದ್ಲ್."

ಟೀಚರು ಗೋಡೆಗೆ ಒರಗಿ ನಿಂತರು. ನನ್ನ ಗಂಟಲಲ್ಲಿದ್ದ ಮೇಡಂ ಎಲ್ಲಿ ಹೋದರೋ ಗೊತ್ತಾಗಲಿಲ್ಲ. ಹೊಸ ಶಾಲೆಯ ಬಾಗಿಲು ತೆರೆಯದಂತೆ ಹಿಡಿದುಕೊಂಡಿದ್ದವಳು, ನಾನು ಯಾರಿಗಾಗಿ ಓಡಾಡುತ್ತಿದ್ದೆನೋ ಅದೇ ಹುಡುಗಿ.

ಮಧ್ಯಾಹ್ನ ಬೈಂದೂರಿಗೆ ಬಂದು ಜಗಲಿಯಲ್ಲಿ ಅವಳ ಪಕ್ಕ ಕೂತೆ. "ನನಗೆ ಮೊದಲೇ ಹೇಳಬಹುದಿತ್ತಲ್ಲ?"

"ನೀವ್ ಕೇಳ್ಲೇ ಇಲ್ಲೆ ಸರ್. ಎಲ್ರ ಹಂಗೆ ಮಾತಾಡಿ ತೋರ್ಸಿದ್ರಿ, ಅಷ್ಟೇ."

ಒಳಗಿನಿಂದ ಪದ್ಮಕ್ಕ, "ಸರೀ ಹೇಳ್ತ್ ಕಾಣಿ!" ಎಂದರು. ನಗಲೂ ಆಗಲಿಲ್ಲ.

ಟೀಚರಿಗೆ ಫೋನ್ ಮಾಡಿ ಅವಳ ಕೈಗೆ ಕೊಟ್ಟೆ. "ಹೆಸ್ರ್ ತೆಗದ್ರೂ ನಾ ಇಲ್ಲೇ ಇಪ್ದ್ ಮಗಾ" ಎಂದರು ಟೀಚರು. "ನಿನ್ನ ಅಬ್ಬಿ ಬಂದ್ರೆ ಕೂರ್ಸಿ, ಚಾ ಕೊಟ್ಟ್, ಆ ಸರ್‌ಗೆ ಫೋನ್ ಮಾಡ್ತೆ."

"ನಿಮ್ಗೆ ವರ್ಗ ಆರೆ?"

ಹೆಸರು ತೆಗೆದರೆ ಮಕ್ಕಳು ಕಮ್ಮಿ, ಮಕ್ಕಳು ಕಮ್ಮಿಯಾದರೆ ವರ್ಗ. ಆ ಲೆಕ್ಕ ಅವಳಿಗೂ ಗೊತ್ತಿತ್ತು. ಅಷ್ಟರಲ್ಲಿ ಫೋನನ್ನು ಯಾರೋ ಕಿತ್ತುಕೊಂಡ ಸದ್ದು. ಆಮೇಲೆ ಅಶ್ವಿನಿಯ ದಪ್ಪ ಸ್ವರ. "ಹೇ, ನಂಗ್ ಯಾವ ವರ್ಗವೂ ಇಲ್ಲೆ. ನಮ್ಮನಿ ಶಾಲಿ ಎದ್ರಿಗೇ ಅಲ್ದಾ? ನಿನ್ನ ಅಬ್ಬಿ ಮೋರೆ ನಂಗ್ ಗೊತ್ತಿತ್ತ್. ನಾ ಕಾಣ್ಕಂತೆ. ನೀ ಹೋಯ್ ಓದ್."

ಸಿಂಚನಾ ಸುಮಾರು ಹೊತ್ತು ಫೋನನ್ನು ಕಿವಿಯಲ್ಲೇ ಇಟ್ಟುಕೊಂಡಿದ್ದಳು. ಕೊನೆಗೆ ನನ್ನ ಕಡೆ ತಿರುಗಿ, "ಹಂಗಾರೆ ಹೆಸ್ರ್ ತೆಗೀಲಿ ಸರ್" ಎಂದಳು.

ಟೀಚರು ತಪ್ಪಾಗಿದೆಯೆಂದು ತಾವೇ ಮೇಲಿನವರಿಗೆ ತಿಳಿಸಿ ಹಾಜರಾತಿ ಸರಿಪಡಿಸಿದರು, ಟಿಸಿ ಬಂತು, ಹೆಡ್‌ಮಾಸ್ಟರು ಸಿಂಚನಾಳನ್ನು ಸೇರಿಸಿಕೊಂಡರು. ಮೇಡಂಗೆ ಎಲ್ಲವನ್ನೂ ಹೇಳಿದೆ. ಆ ದಿನ ಅವರು ಫಾಲೋಅಪ್ ಎನ್ನಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು.

ಮಗು ಶಾಲೆಗೆ ಸೇರಲು ಅಡ್ಡ ಬರುವುದು ಏನು ಎಂದು ನಾವು ಶಾಲೆಯವರನ್ನು ಕೇಳುತ್ತೇವೆ, ಕಚೇರಿಯವರನ್ನು ಕೇಳುತ್ತೇವೆ. ಹೊಸ ಶಾಲೆಗೆ ಸೇರಿದರೆ ನಿನಗೆ ಏನು ಕಳೆದುಹೋಗುತ್ತದೆ ಎಂದು ಮಗುವನ್ನು ಮೊದಲು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇದು. ಈಗ ಕೇಳುತ್ತೇನೆ, ಯಾರ ಧ್ವನಿಯನ್ನೂ ತೆಗೆಯದೆ.

ಅಮ್ಮ ಇನ್ನೂ ಸಿಕ್ಕಿಲ್ಲ. ಬೈಂದೂರಿನ ಕಡೆ ಹೋದಾಗಲೆಲ್ಲ ಶಾಲೆಯ ಗೇಟಿನ ಹತ್ತಿರ ಸಿಂಚನಾ ನನ್ನ ಮುಖ ನೋಡುತ್ತಾಳೆ. ನಾನು ಇಲ್ಲವೆಂದು ತಲೆಯಾಡಿಸುತ್ತೇನೆ.

"ಅಶ್ವಿನಿ ಅಲ್ಲೇ ಇದ್ಲ್ ಅಲ್ದಾ?"

"ಇದ್ದಾಳೆ."

ಅವಳು ಚೀಲ ಸರಿಮಾಡಿಕೊಂಡು ಒಳಗೆ ಹೋಗುತ್ತಾಳೆ.