ತಿರುಗಿ ನೋಡದ ಮೊಮ್ಮಗಳು

ಇವತ್ತು ಬೆಳಿಗ್ಗೆ ಮಧುಗಿರಿ ಬಸ್ ನಿಲ್ದಾಣದಲ್ಲಿ ಸಿರಾ ಬಸ್ಸಿಗೆ ಕಾಯುತ್ತಿದ್ದಾಗ ಬೇಯಿಸಿದ ಕಡಲೆಕಾಯಿಯ ವಾಸನೆ ಬಂತು. ನಿಮಗಾದರೆ ಹಸಿವಾಗುತ್ತಿತ್ತೋ ಏನೋ, ನನಗೆ ಗಂಗಮ್ಮನ ನೆನಪಾಯಿತು. ಕೊಡಿಗೇನಹಳ್ಳಿ ಕಡೆಯ ಸರ್ಕಾರಿ ಆಸ್ಪತ್ರೆಗೆ ನಾನು ವೈದ್ಯೆಯಾಗಿ ಹೋದ ಹೊಸತರಲ್ಲಿ ಅವರು ಮಂಡಿನೋವಿಗೆಂದು ಬರುತ್ತಿದ್ದರು. ಮಾತ್ರೆಗಿಂತ ಮಾತು ಹೆಚ್ಚು ಬೇಕಾದ ರೋಗಿ. ಬಂದಾಗಲೆಲ್ಲ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಕಡಲೆಕಾಯಿ ಮೇಜಿನ ಮೇಲೆ ಸುರಿಯುತ್ತಿದ್ದರು. ನಾನು ಬೇಡ ಬೇಡ ಎನ್ನುತ್ತಲೇ ಸಿಪ್ಪೆ ಬಿಡಿಸುತ್ತಿದ್ದೆ.

ಒಮ್ಮೆ ಮೊಮ್ಮಗಳು ಮಾನ್ಯಳನ್ನೂ ಕರೆತಂದರು. ಎರಡು ತುಂಬುತ್ತಿದ್ದ, ದುಂಡು ಕೆನ್ನೆಯ ಮಗು. ಅಜ್ಜಿಯ ಚಪ್ಪಲಿ ಮಗುಚಿ ಹಾಕಿ ಅದನ್ನೇ ಸವರುತ್ತ ಕೂತಿತ್ತು. "ಮಾನ್ಯಾ" ಎಂದೆ. ತಿರುಗಲಿಲ್ಲ. ಮಕ್ಕಳನ್ನು ಒಲಿಸಿಕೊಳ್ಳುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಭ್ರಮೆ ನನಗಿತ್ತು. ಪರದೆಯ ಹಿಂದೆ ಅವಿತು ಇಣುಕಿದೆ, ಬೆಕ್ಕಿನಂತೆ ಕೂಗಿದೆ, ಅಪಸ್ವರದಲ್ಲಿ ಹಾಡಿದೆ. ಹೊರಗೆ ಸಾಲಿನಲ್ಲಿದ್ದವರೆಲ್ಲ ಬಾಗಿಲಿಗೆ ಬಂದು ನೋಡಿದರು. ಮಾನ್ಯ ಮಾತ್ರ ನೋಡಲಿಲ್ಲ. ಕಿವಿ ಮಂದವೇನೋ ಅಂದುಕೊಳ್ಳುವಷ್ಟರಲ್ಲಿ ದೂರದಲ್ಲಿ ಐಸ್‌ಕ್ರೀಮ್ ಗಾಡಿಯ ಗಂಟೆ ಕೇಳಿಸಿತು. ಮಗು ತಟ್ಟನೆ ಕತ್ತೆತ್ತಿತು. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು, ಹೆಸರಿಗೆ ಮಾತ್ರ ತಿರುಗುತ್ತಿರಲಿಲ್ಲ. ನನ್ನ ನಗು ಅಲ್ಲಿಗೇ ನಿಂತಿತು.

"ಏನಾದ್ರೂ ಬೇಕಾದ್ರೆ ಬೆರಳು ಮಾಡಿ ತೋರಿಸ್ತಾಳಾ ಅಜ್ಜಿ?"

"ಇಲ್ಲ ಕಣಮ್ಮ. ನನ್ ಕೈಯೇ ಹಿಡ್ಕಂಡು ಎಳ್ಕಂಡ್ ಹೋಯ್ತಾಳೆ."

"ಮಾತು?"

"ಅವ್ರಪ್ಪನೂ ನಾಕು ವರ್ಷಕ್ಕೇ ಬಾಯ್ಬುಟ್ಟಿದ್ದು. ಈಗ ಮುಚ್ಸಕ್ಕಾಗ್ತಿಲ್ಲ!"

ಆಟಿಸಂ ಇರಬಹುದು, ಅಂದರೆ ಮಾತು, ಒಡನಾಟ ಕಲಿಯುವ ರೀತಿಯೇ ಬೇರೆ ಇರಬಹುದು, ತಜ್ಞರಿಗೆ ತೋರಿಸೋಣ, ಬೇಗ ಗೊತ್ತಾದಷ್ಟೂ ಒಳ್ಳೆಯದು ಎಂದು ಮೆಲ್ಲಗೆ ಹೇಳಿದೆ. ಗಂಗಮ್ಮ ಮಗುವನ್ನು ಸೊಂಟಕ್ಕೇರಿಸಿ, "ನಾನ್ ತೋರ್ಸಕ್ ಬಂದಿದ್ದು ಮಂಡಿನ" ಎಂದು ಎದ್ದು ಹೋದರು.

ಮರುದಿನ ಮಗುವಿನ ತಾಯಿ ಶೋಭಾ ಒಬ್ಬಳೇ ಬಂದಳು. "ನಂಗೆ ಮುಂಚಿಂದ್ಲೂ ಅನುಮಾನ ಮೇಡಂ. ಮನೇಲಿ ಹೇಳಿದ್ರೆ, ಮೊಬೈಲ್ ಕೊಟ್ಟು ನೀನೇ ಕೆಡ್ಸಿದ್ದು ಅಂತಾರೆ."

"ಇದು ನಿಮ್ಮಿಂದ ಆಗಿದ್ದಲ್ಲ" ಎಂದೆ. ಅಷ್ಟಕ್ಕೇ ಅತ್ತುಬಿಟ್ಟಳು. ಕಣ್ಣೊರೆಸಿಕೊಂಡ ಮೇಲೆ, ತುಮಕೂರಿನಲ್ಲಿ ಯಾರಿಗೆ ತೋರಿಸಬೇಕು ಎಂದು ಕೇಳಿದಳು.

ತುಮಕೂರಿನಲ್ಲೂ ಆಟಿಸಂ ಎಂದೇ ಹೇಳಿದರು. ಅಲ್ಲಿ ಕಲಿಸಿದ ಆಟಗಳನ್ನು ಮನೆಯಲ್ಲಿ ದಿನವೂ ಆಡಿಸಬೇಕಿತ್ತು. ಶೋಭಾ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ಆಗ ಮಗುವಿನ ಎದುರು ನೆಲದ ಮೇಲೆ ಕೂತವರು ಯಾರು ಅಂದುಕೊಂಡಿರಿ? ನನ್ನ ಮೇಲೆ ಮುನಿಸಿಕೊಂಡಿದ್ದ ಗಂಗಮ್ಮನೇ! ಮಂಡಿನೋವಿನಲ್ಲೇ ಚಕ್ಕಳಮಕ್ಕಳ ಹಾಕಿ, "ನಿಂಗೊಂದು, ನಂಗೊಂದು" ಎಂದು ಬಟ್ಟಲಿಗೆ ಕಡಲೆಕಾಯಿ ಹಾಕುವ ಆಟ. ತನ್ನ ಸರದಿಗೆ ಕಾಯುವುದನ್ನು ಮಾನ್ಯ ಕಲಿತದ್ದು ಹಾಗೆ. ಅಷ್ಟರಲ್ಲಿ ನನಗೆ ವರ್ಗವಾಯಿತು.

ಇವತ್ತು ತಡೆಯಲಾರದೆ ಬಸ್ ನಿಲ್ದಾಣದಿಂದಲೇ ಗಂಗಮ್ಮನಿಗೆ ಫೋನ್ ಮಾಡಿದೆ. ಮಾನ್ಯಳಿಗೀಗ ಐದು ದಾಟಿದೆ. ಆಡುವ ಮಾತು ಕೆಲವೇ. ಅದರಲ್ಲೂ ಗಂಗಮ್ಮನದೊಂದು ದೂರು. "ಅಜ್ಜಿ ಅನ್ನಲ್ಲ ಡಾಕ್ಟ್ರಮ್ಮ. ಅವ್ರ ತಾತ ಕರೆಯಂಗೆ 'ಗಂಗೀ' ಅಂತಾಳೆ!" ಬೀದಿಗೆಲ್ಲ ಕೇಳುವಂತೆ ನಕ್ಕರು. ಆಮೇಲೆ ದನಿ ಇಳಿಯಿತು. "ಇವತ್ತೇ ಇಸ್ಕೂಲಿಗೆ ಸೇರ್ಸಕ್ಕೆ ಹೊಂಟಿದ್ದೀವಿ. ಸೇರಿಸ್ಕಂತಾರಾ?"

"ಸೇರಿಸ್ಕೋಬೇಕು ಅಜ್ಜಿ. ನಾನೂ ಬರ್ತೀನಿ, ಇರಿ."

ಸಿರಾದಲ್ಲಿ ನೆಂಟರ ಗೃಹಪ್ರವೇಶದ ಹೋಳಿಗೆ ಊಟ ನನಗಾಗಿ ಕಾಯುತ್ತಿತ್ತು. ಸಿರಾ ಬಸ್ಸು ಕಣ್ಣೆದುರೇ ಹೊರಟಿತು. ನಾನು ಹಿಂದೂಪುರದ ಬಸ್ಸು ಹತ್ತಿ ಕೊಡಿಗೇನಹಳ್ಳಿಗೆ ಟಿಕೆಟ್ ಕೇಳಿದೆ.